ಕಿಟಕಿ ಕೊರೆದ ಬೀಗಗಳು

ನನ್ನ ಬೀರುವಿನಲ್ಲಿರುವ ಬೀಗಗಳಲ್ಲಿ ಒಂದನ್ನೂ ಬಾಗಿಲಿಗೆ ಹಾಕಲು ಬರುವುದಿಲ್ಲ. ಎಲ್ಲಕ್ಕೂ ಪಕ್ಕದಲ್ಲಿ ಕಿಟಕಿ ಕೊರೆದಿದೆ. ಕೀಲಿಕೈ ತೂರಿಸಿದರೆ ಒಳಗಿನ ಪಿನ್ನು, ಸ್ಪ್ರಿಂಗು, ಬಿಲ್ಲೆಗಳು ಏಳುವುದು, ತಿರುಗುವುದು, ಸಾಲಿಗೆ ಬಂದು ನಿಲ್ಲುವುದು ಬರಿಗಣ್ಣಿಗೇ ಕಾಣುತ್ತದೆ. ಗಿರಾಕಿಗೆ ತೋರಿಸಲಿಕ್ಕೆ, ಬೀಗದ ಕೆಲಸ ಕಲಿಸಲಿಕ್ಕೆ ಅಂತ ಕಂಪನಿಗಳೇ ಇಂಥ ಕಟ್‌ಅವೇ ಬೀಗ ಮಾಡಿಸುತ್ತವೆ. ಕೆಲವನ್ನು ಕೊಂಡಿದ್ದೇನೆ, ಕೆಲವನ್ನು ನಾನೇ ಕೊಯ್ದಿದ್ದೇನೆ. ಬಳ್ಳಾರಿಯಲ್ಲಿ ನನ್ನದು ಲೇಥ್ ಮತ್ತು ಮಿಲ್ಲಿಂಗ್ ಕೆಲಸ. ಹಗಲೆಲ್ಲ ಲಾರಿಗಳ ಬುಷ್ಷು, ಪಂಪಿನ ಶಾಫ್ಟು. ಸಂಜೆ ಮಷಿನ್ ಖಾಲಿಯಾದ ಮೇಲೆ ಬೀಗ.

ಮೊದಲು ಕೊಯ್ದದ್ದು ಯಾವುದೋ ಗೋಡೌನಿನ ಶಟರಿನಿಂದ ತೆಗೆದ ಸಾದಾ ಪಿನ್ ಬೀಗ. 1860ರ ದಶಕದಲ್ಲಿ ಅಮೆರಿಕದ ಲೈನಸ್ ಯೇಲ್ ಜೂನಿಯರ್ ಪೇಟೆಂಟ್ ಪಡೆದ ರಚನೆಯೇ ಇವತ್ತಿಗೂ ಅದರೊಳಗಿದೆ. ಪ್ರತಿ ಪಿನ್ನು ಎರಡು ತುಂಡು. ಎರಡು ತುಂಡು ಕೂಡುವ ಜಾಗ, ಕೀಲಿಕೈ ತೂರಿಸುವ ಉರುಳೆಯ ಅಂಚಿಗೆ ಸರಿಯಾಗಿ ಬಂದು ನಿಂತರಷ್ಟೇ ಉರುಳೆ ತಿರುಗುತ್ತದೆ. ಕಿಟಕಿ ತೆರೆದು ನೋಡಿದರೆ ಸ್ಪ್ರಿಂಗಿನ ತೂತಿನಲ್ಲಿ ಕೆಂಪು ಗಸಿ! ಸಂಡೂರು, ತೋರಣಗಲ್ಲು ಕಡೆಯಿಂದ ಬರುವ ಅದಿರಿನ ಧೂಳು ನಮ್ಮಲ್ಲಿ ಯಾವ ಸಂದಿಯನ್ನೂ ಬಿಡುವುದಿಲ್ಲ. ಬೀಗ ಬಿಗಿಯಾಯಿತು ಅಂತ ಜನ ಕೊಬ್ಬರಿ ಎಣ್ಣೆ ಬಿಡುತ್ತಾರೆ. ಎಣ್ಣೆಗೆ ಧೂಳು ಕೂತು ಮೂರನೇ ಪಿನ್ನು ಅರ್ಧಕ್ಕೇ ಸಿಕ್ಕಿಕೊಂಡಿತ್ತು. ಅದನ್ನು ಕಣ್ಣಾರೆ ನೋಡಿದ ಮೇಲೆ ನಮ್ಮನೆ ಬೀಗಗಳಿಗೆ ಗ್ರಾಫೈಟ್ ಪುಡಿ ಬಿಟ್ಟರೆ ಬೇರೇನೂ ಹಾಕಿಲ್ಲ.

ಕೊಯ್ಯುವುದರಲ್ಲೇ ಅರ್ಧ ವಿದ್ಯೆ ಇದೆ. ಪಿನ್ನು, ಸ್ಪ್ರಿಂಗು ಮೊದಲು ಹೊರಗೆ ತೆಗೆಯಬೇಕು. ಪಿನ್ನಿನ ದಪ್ಪ ಹೆಚ್ಚುಕಮ್ಮಿ 3 ಮಿ.ಮೀ. ಇದ್ದರೆ ಕಿಟಕಿಯ ಅಗಲ 2 ಮಿ.ಮೀ. ದಾಟಬಾರದು. ದಾಟಿದರೆ ಪಿನ್ನು ಕಿಟಕಿಯಿಂದಲೇ ಆಚೆ ಬೀಳುತ್ತದೆ. ಹಿತ್ತಾಳೆ ಬೆಣ್ಣೆಯಂತೆ ಕೊಡುತ್ತದೆ, ಆದರೆ ಭಾರಿ ಭದ್ರತೆಯ ಬೀಗಗಳಲ್ಲಿ ಡ್ರಿಲ್ಲಿಗೆ ಎದುರಾಗಿ ನಿಲ್ಲಲೆಂದೇ ಗಡಸು ಉಕ್ಕಿನ ಕಡ್ಡಿಗಳನ್ನು ಹೂತಿರುತ್ತಾರೆ. ಅವು ಎಲ್ಲಿವೆ ಅಂತ ಮೊದಲೇ ಗೊತ್ತಿರದಿದ್ದರೆ ಸಣ್ಣ ಕಟರ್ ಅಲ್ಲೇ ಮುರಿಯುತ್ತದೆ. ಕೊನೆಗೆ ಸೂಜಿ ಅರದಿಂದ ಅಂಚು ತೀಡಬೇಕು. ಕೊಯ್ದ ಅಂಚಿನಲ್ಲಿ ಏಳುವ ಮುಳ್ಳು, ಅಂದರೆ ಬರ್, ಕೂದಲಿನಷ್ಟು ಉಳಿದರೂ ಪಿನ್ನು ಏಳುವುದಿಲ್ಲ. ಕೆಲವರು ನೋಡಲು ಚೆಂದ ಅಂತ ಅರ್ಧ ಬೀಗವನ್ನೇ ಹಾರಿಸಿಬಿಡುತ್ತಾರೆ. ನನಗದು ಸೇರುವುದಿಲ್ಲ. ಕೊಯ್ದ ಮೇಲೂ ಅದು ಬೀಗವಾಗಿಯೇ ಇರಬೇಕು. ತನ್ನ ಕೀಲಿಕೈಗೆ ತೆರೆಯಬೇಕು, ಬೇರೆಯದಕ್ಕೆ ಜಪ್ಪಯ್ಯ ಅಂದರೂ ತೆರೆಯಬಾರದು.

ಮೆಡೆಕೊ ಬೀಗ ಕಂಡ ಮೇಲೆ ನನ್ನ ಹುಚ್ಚು ಹೆಚ್ಚಾಯಿತು. 1968ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಶುರುವಾದ ಕಂಪನಿ. ಅವರ ಪಿನ್ನು ಸರಿಯಾದ ಎತ್ತರಕ್ಕೆ ಎದ್ದರೆ ಸಾಲದು, ತನ್ನ ಸುತ್ತ ತಾನು ತಿರುಗಲೂ ಬೇಕು. ಪಿನ್ನಿನ ತುದಿ ಉಳಿಯ ಬಾಯಿಯ ಹಾಗಿದೆ, ಕೀಲಿಕೈಯ ಕಚ್ಚುಗಳು ಓರೆಯಾಗಿವೆ. ಕೆಲವು ನೇರ, ಕೆಲವು 20 ಡಿಗ್ರಿ ಎಡಕ್ಕೆ, ಕೆಲವು 20 ಡಿಗ್ರಿ ಬಲಕ್ಕೆ. ಕೀಲಿಕೈ ಒಳಗೆ ಹೋಗುತ್ತಿದ್ದಂತೆ ಪಿನ್ನುಗಳೆಲ್ಲ ಏಳುತ್ತ ಹೊರಳುತ್ತವೆ. ಪ್ರತಿಯೊಂದರ ಬೆನ್ನಿನ ಗೀರೂ ಒಂದೇ ದಿಕ್ಕಿಗೆ ಬಂದಾಗ, ಅಲ್ಲಿವರೆಗೆ ಉರುಳೆಯನ್ನು ತಡೆದಿದ್ದ ಪಕ್ಕದ ಪಟ್ಟಿ ಆ ಗೀರುಗಳೊಳಗೆ ಜಾರಿ ಕೂಡುತ್ತದೆ. ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಆದರೆ ನಮ್ಮ ಊರಿಗೆ ಹೇಳಿ ಮಾಡಿಸಿದ್ದು ಫಿನ್ಲೆಂಡಿನ ಅಬ್ಲೋಯ್. 1907ರಲ್ಲಿ ಎಮಿಲ್ ಹೆನ್ರಿಕ್ಸನ್ ಎಂಬ ಮೆಕ್ಯಾನಿಕ್ ಕಂಡುಹಿಡಿದದ್ದು. ಅದರಲ್ಲಿ ಎದ್ದು ಬೀಳುವ ಪಿನ್ನೂ ಇಲ್ಲ, ಪಿನ್ನಿನ ಹಿಂದೆ ಸ್ಪ್ರಿಂಗೂ ಇಲ್ಲ. ಬಿಲ್ಲೆಗಳ ಸಾಲು ಅಷ್ಟೇ. ಕೀಲಿಕೈ ಒಂದೊಂದು ಬಿಲ್ಲೆಯನ್ನೂ ಅದಕ್ಕೆ ಬೇಕಾದಷ್ಟೇ ತಿರುಗಿಸುತ್ತದೆ, ಕಚ್ಚುಗಳು ಒಂದೇ ಸಾಲಿಗೆ ಬಂದಾಗ ಪಟ್ಟಿ ಒಳಗೆ ಇಳಿಯುತ್ತದೆ. ಧೂಳು ತಿಂದು ಸೋಲಲು ಸ್ಪ್ರಿಂಗೇ ಇಲ್ಲದಿರುವುದರಿಂದ ಚಳಿ, ಕೆಸರು, ಧೂಳಿನ ಜಾಗಗಳಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ.

ಎದುರು ಮನೆ ಮಾವ ಒಮ್ಮೆ ಅಬ್ಲೋಯನ್ನು ತಿರುಗಿಸಿ ತಿರುಗಿಸಿ ನೋಡಿ, "ಅಲ್ಲೋ ತಮ್ಮಾ, ಒಳಗಿಂದೆಲ್ಲ ಹಿಂಗ ಬಿಚ್ಚಿಟ್ರ ಕಳ್ಳರಿಗೆ ದಾರಿ ತೋರಿಸಿದಂಗ ಆಗಲ್ಲೇನು?" ಅಂದರು. ನಾನು ಅವರಿಗೆ ಅದೇ ಮಾದರಿಯ, ಕೊಯ್ಯದ ಇನ್ನೊಂದು ಬೀಗ ಕೊಟ್ಟೆ. "ಇದನ್ನ ನೋಡಿ ಅದನ್ನ ತೆಗೀರಿ ಮಾವಾ." ರಚನೆ ಒಂದೇ ಆದರೂ ಆ ಬೀಗದ ಬಿಲ್ಲೆಗಳ ಅಳತೆ ಬೇರೆ, ಅದನ್ನು ಈ ಕಿಟಕಿ ಹೇಳುವುದಿಲ್ಲ. ಒಳಗೆ ಏನಿದೆ ಅಂತ ಮುಚ್ಚಿಟ್ಟರಷ್ಟೇ ಗಟ್ಟಿಯಾಗಿರುವ ಬೀಗ ಗಟ್ಟಿಯೇ ಅಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಲಂಡನ್ನಿನಲ್ಲಿ ಬ್ರಾಮಾ ಕಂಪನಿ ತನ್ನ ಬೀಗವನ್ನು 1790ರಲ್ಲೇ ಅಂಗಡಿ ಮುಂದಿಟ್ಟು, ಕೀಲಿಕೈ ಇಲ್ಲದೆ ತೆಗೆದವರಿಗೆ 200 ಗಿನಿ (ಆಗಿನ ಬ್ರಿಟಿಷ್ ಚಿನ್ನದ ನಾಣ್ಯ) ಬಹುಮಾನ ಅಂತ ಸಾರಿತ್ತು. 1851ರಲ್ಲಿ ಅಮೆರಿಕದ ಆಲ್ಫ್ರೆಡ್ ಹಾಬ್ಸ್ ಬಂದು, 16 ದಿನಗಳಲ್ಲಿ ಐವತ್ತಕ್ಕೂ ಹೆಚ್ಚು ಗಂಟೆ ಕೂತು, ಅದನ್ನು ತೆಗೆದ. ಅವನು ಗೆದ್ದನೆಂಬುದಕ್ಕಿಂತ ಅರುವತ್ತು ವರ್ಷ ಆ ಬೀಗ ತಡೆದು ನಿಂತಿತೆಂಬುದು ನನಗೆ ದೊಡ್ಡದು.

ಈಗ ಹುಡುಕುತ್ತಿರುವುದು ಆಸ್ಟ್ರಿಯಾದ ಎವಾ ಕಂಪನಿಯ ಎಂಸಿಎಸ್ ಅನ್ನುವ ಬೀಗ. ಅದರ ಕೀಲಿಕೈಯಲ್ಲಿ ಅಯಸ್ಕಾಂತಗಳಿವೆ. ಬೀಗದೊಳಗಿನ ಪುಟ್ಟ ಚಕ್ರಗಳನ್ನು ಅವು ಮುಟ್ಟದೆಯೇ ತಿರುಗಿಸುತ್ತವೆ. ಕಿಟಕಿಯಲ್ಲಿ ಅದನ್ನು ನೋಡಬೇಕು. ಸಿಕ್ಕಿದರೆ ಕೊಯ್ಯುವ ಮೊದಲು ಚಕ್ರಗಳನ್ನೆಲ್ಲ ತೆಗೆದು ಮುಚ್ಚಳದ ಡಬ್ಬಿಯಲ್ಲಿಟ್ಟು, ಮಷಿನ್ನಿನ ಬೆಡ್ಡು, ವೈಸು ಎರಡನ್ನೂ ಚೆನ್ನಾಗಿ ಒರೆಸಬೇಕು. ಹಿತ್ತಾಳೆ ಚೂರು ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ನಮ್ಮ ವರ್ಕ್‌ಶಾಪಿನಲ್ಲಿ ಕಬ್ಬಿಣದ ಪುಡಿ ಇಲ್ಲದ ಮೂಲೆಯೇ ಇಲ್ಲ.