ಪೋರ್ಟಿಕೋ ನೆಲದ ಮೇಲೆ ಗೂಬೆ ಕೂರಿಸಿದ ಕಥೆ

ತುಮಕೂರಿನ ಅಂತರಸನಹಳ್ಳಿಯಲ್ಲಿ ನಂದೊಂದು ಸಣ್ಣ ವೆಲ್ಡಿಂಗ್ ಶಾಪ್ ಇದೆ. ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೈಲರು, ಇವೇ ದಿನದ ಅನ್ನ. ಒಂದು ಸಲ ಶಿರಾ ಕಡೆಯ ಹುಡುಗ ರೇಸ್ ಕಾರಿನ ಪೈಪ್ ಫ್ರೇಮ್ ತಂದ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅನ್ನೋ ರೇಸ್ ಟ್ರ್ಯಾಕ್‌ನಲ್ಲಿ ಪ್ರಾಕ್ಟೀಸ್ ಮಾಡುವಾಗ ಗೋಡೆಗೆ ಗುದ್ದಿದ್ದನಂತೆ. "ಸೊಟ್ಟ ಆಗಿದೆಯಾ ನೋಡಿ ಹೇಳಣ್ಣ, ಸಾಕು" ಅಂದ.

ಶಾಪಿನಲ್ಲಿ ಜಾಗ ಇರಲಿಲ್ಲ. ಮನೆ ಪೋರ್ಟಿಕೋದಲ್ಲಿ ನಾಲ್ಕು ಸ್ಟ್ಯಾಂಡ್ ಇಟ್ಟು ಕೂರಿಸಿದೆ. ಹಿಂದಿನ ಒಂದು ಮೂಲೆ ಕಟಕಟ ಅಂತ ಅಲ್ಲಾಡಿತು. ನೀರು ಹರಿಯಲಿ ಅಂತ ನೆಲಕ್ಕೆ ವಾಟ ಕೊಟ್ಟಿದ್ದಾರಲ್ಲ, ಅದಕ್ಕೇ ಇರಬೇಕು ಅಂತ ತಗಡಿನ ಚೂರು ಮಡಚಿ ಕೆಳಗೆ ಕೊಟ್ಟೆ. ಸದ್ದು ನಿಂತಿತು. ವಾಟ ಒಂದೇ ಸಮ ಇದ್ದರೆ ಫ್ರೇಮ್ ಓರೆಯಾಗಿ ನಿಲ್ಲುತ್ತೆ, ಅಲ್ಲಾಡಲ್ಲ. ಅದು ಆಗ ಹೊಳೆಯಲಿಲ್ಲ.

ಟೇಪ್ ಹಿಡಿದು ಮೂಲೆಯಿಂದ ಮೂಲೆಗೆ ಅಳೆದೆ. ಎರಡಕ್ಕೂ 1 ಮಿ.ಮೀ. ವ್ಯತ್ಯಾಸ ಅಷ್ಟೇ. "ನೇರ ಇದೆ, ತಗೊಂಡು ಹೋಗು" ಅಂದುಬಿಟ್ಟೆ.

ಎರಡು ವಾರಕ್ಕೆ ಹುಡುಗ ವಾಪಸ್. ಎಡಕ್ಕೆ ಚೆನ್ನಾಗಿ ತಿರುಗುತ್ತೆ, ಬಲಕ್ಕೆ ತಿರುಗಿಸಿದರೆ ಮುಂದಿನ ಚಕ್ರ ಜಾರುತ್ತೆ ಅಂದ. ಮತ್ತೆ ಎಲ್ಲಾ ಬಿಚ್ಚಿಸಿದ್ದಾಯ್ತು. ಎದುರು ಮನೆ ಕಟ್ಟುತ್ತಿದ್ದ ಗಾರೆ ಮೇಸ್ತ್ರಿ ಬೀಡಿ ಸೇದುತ್ತಾ ನೋಡುತ್ತಿದ್ದರು. "ಮೂರು ಕಲ್ಲಿನ ಮೇಲಿಡಿ ಸ್ವಾಮಿ. ಒಲೆ ಎಲ್ಲಾದ್ರೂ ಅಲ್ಲಾಡುತ್ತಾ?" ಅಂದರು.

ಮುಂದೆ ಎರಡು ಸ್ಟ್ಯಾಂಡ್, ಹಿಂದೆ ನಡುವೆ ಒಂದೇ ಒಂದು. ಮಟ್ಟ ನೋಡೋಕೆ ಅವರ ನೀರು ತುಂಬಿದ ಪೈಪ್ ಇಸ್ಕೊಂಡೆ. ಮೊದಲು ಪೈಪಿನ ಎರಡೂ ತುದಿ ಒಟ್ಟಿಗೆ ಹಿಡಿದು ನೀರು ಸಮ ನಿಲ್ಲುತ್ತಾ ನೋಡಿದೆವು. ಒಳಗೆ ಗುಳ್ಳೆ ಉಳಿದಿದ್ದರೆ ಅದು ಸುಳ್ಳು ಹೇಳುತ್ತೆ. ಅಳತೆ ಫ್ರೇಮಿನ ಪೈಪ್ ಮೈಮೇಲೆ ತಗೊಳ್ಳಲಿಲ್ಲ, ಸಸ್ಪೆನ್ಷನ್ ಬೋಲ್ಟ್ ಕೂರುವ ತೂತಿನ ಹತ್ತಿರ ತಗೊಂಡೆವು. ಚಕ್ರ ಕೇಳೋದು ಆ ತೂತಿನ ಮಾತನ್ನೇ ಅಲ್ವಾ? ಮುಂದಿನ ಎರಡನ್ನೂ ಸಮ ಮಾಡಿಕೊಂಡು ಹಿಂದೆ ನೋಡಿದರೆ ಎಡಮೂಲೆಗಿಂತ ಬಲಮೂಲೆ 6 ಮಿ.ಮೀ. ಕೆಳಗೆ! ಫ್ರೇಮ್ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡಿತ್ತು.

ರಾತ್ರಿ ಕೂತು ಲೆಕ್ಕ ಹಾಕಿದೆ. 2 ಮೀಟರ್ ಉದ್ದ, 60 ಸೆಂ.ಮೀ. ಅಗಲದ ಫ್ರೇಮಿನ ಒಂದು ಮೂಲೆ 6 ಮಿ.ಮೀ. ಇಳಿದರೆ ಮೂಲೆಯಿಂದ ಮೂಲೆಯ ಅಳತೆ ಬದಲಾಗೋದು ಸುಮಾರು 0.01 ಮಿ.ಮೀ. ಕೂದಲು ಇದಕ್ಕಿಂತ ದಪ್ಪ. ಟೇಪಿಗೆ ಅದು ಈ ಜನ್ಮದಲ್ಲಿ ಕಾಣಲ್ಲ. ಚೌಕ ಸೊಟ್ಟ ಆಗಿದ್ದರೆ ಮಾತ್ರ ಆ ಅಳತೆ ಹೇಳುತ್ತೆ. ಅದಕ್ಕೂ ಬೆಳಿಗ್ಗೆ ನೆರಳಲ್ಲೇ ಅಳೀಬೇಕು. ಒಂದು ಪಕ್ಕಕ್ಕೆ ಬಿಸಿಲು ಬಿದ್ದು 25 ಡಿಗ್ರಿ ಜಾಸ್ತಿ ಕಾದರೆ 2 ಮೀಟರ್ ಕಬ್ಬಿಣ ಅರ್ಧ ಮಿ.ಮೀ.ಗಿಂತ ಹೆಚ್ಚೇ ಬೆಳೆಯುತ್ತೆ.

ಹಿಂದಿನ ಎರಡು ಅಡ್ಡ ಪೈಪ್ ಕತ್ತರಿಸಿ, ಜಾಕ್ ಕೊಟ್ಟು ಎತ್ತಿ, ಟ್ಯಾಕ್ (ಹಿಡಿದು ನಿಲ್ಲಿಸೋ ಚುಕ್ಕೆ ವೆಲ್ಡಿಂಗ್) ಹಾಕೋದು, ನೀರಿನ ಪೈಪ್ ಹಿಡಿಯೋದು, ಮತ್ತೆ ಟ್ಯಾಕ್ ಹಾಕೋದು. ವೆಲ್ಡಿಂಗ್ ಎಳೆಯುತ್ತೆ, ಆತುರ ಪಟ್ಟರೆ ಇನ್ನೊಂದು ಕಡೆ ತಿರುಚುತ್ತೆ. ಪೂರ್ತಿ ಎರಡು ದಿನ ಹಿಡಿಯಿತು. ಕೂಲಿ ಎಷ್ಟಾಯ್ತಣ್ಣ ಅಂತ ಹುಡುಗ ಕೇಳಿದ. ಹೇಳೋದಕ್ಕೆ ಬಾಯಿ ಬರಲಿಲ್ಲ.