ಮೊದಲು ಕೊಂಡವರ ಕೈಗಡ

ಹೊಸ ಗೇಮ್ ಕನ್ಸೋಲ್ (ವಿಡಿಯೊ ಗೇಮ್ ಆಡುವ ಯಂತ್ರ) ಒಂದನ್ನು ಅದು ಮಾರುಕಟ್ಟೆಗೆ ಬಂದ ವರ್ಷವೇ ಕೊಳ್ಳುವವರು ತಯಾರಕ ಕಂಪನಿಗೆ ಒಂದು ಬಗೆಯ ಕೈಗಡ ಕೊಟ್ಟಿರುತ್ತಾರೆ ಎಂಬುದು ನನ್ನ ಬಹುಕಾಲದ ಅನಿಸಿಕೆ. ಆಗ ಬೆಲೆ ಹೆಚ್ಚು, ಆಡಲು ಸಿಗುವ ಗೇಮ್‌ಗಳು ಬೆರಳೆಣಿಕೆಯಷ್ಟು, ಮೂರು ವರ್ಷ ಕಳೆದ ಮೇಲೆ ಆ ಯಂತ್ರವನ್ನು ಕೇಳುವವರು ಇರುತ್ತಾರೋ ಇಲ್ಲವೋ ಎಂಬ ಖಾತ್ರಿಯೂ ಇಲ್ಲ. ಆದರೂ ಮುಂದೆ ಒಳ್ಳೆಯ ಗೇಮ್‌ಗಳು ಬಂದೇ ಬರುತ್ತವೆ, ಕಂಪನಿ ನಡುನೀರಿನಲ್ಲಿ ಕೈಬಿಡುವುದಿಲ್ಲ ಎಂದು ನಂಬಿ ಕೊಳ್ಳುತ್ತಾರೆ. ಯಾವ ಕನ್ಸೋಲ್ ಏಕೆ ಗೆದ್ದಿತು, ಏಕೆ ಸೋತಿತು ಎಂಬ ಚರ್ಚೆಯಲ್ಲಿ ಪ್ರೊಸೆಸರ್‌ನ ಶಕ್ತಿ, ಜಾಹೀರಾತಿನ ಖರ್ಚುಗಳ ಮಾತು ಬರುವಷ್ಟು ಈ ಸಾಲವನ್ನು ಯಾರು ಹೇಗೆ ತೀರಿಸಿದರು ಎಂಬ ಮಾತು ಬರುವುದಿಲ್ಲ.

ಸಾಲ ತೀರಿಸದವರ ಕಥೆ ಬೇಕೆಂದರೆ ಜಪಾನಿನ ಸೆಗಾ ಕಂಪನಿಯದನ್ನು ನೋಡಬೇಕು. 1990ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸೆಗಾದ ಜೆನೆಸಿಸ್ ಯಂತ್ರ ಎದುರಾಳಿ ಕಂಪನಿ ನಿಂಟೆಂಡೊಗೆ ಸರಿಸಮನಾಗಿ ಸೆಣಸುತ್ತಿತ್ತು. 1992ರಲ್ಲಿ ಅದಕ್ಕೆ ಜೋಡಿಸುವ ಸೆಗಾ ಸಿಡಿ ಎಂಬ ಉಪಕರಣ 299 ಡಾಲರಿಗೆ ಬಂದಿತು. 1994ರ ನವೆಂಬರಿನಲ್ಲಿ 32ಎಕ್ಸ್ ಎಂಬ ಇನ್ನೊಂದು ಉಪಕರಣ 159 ಡಾಲರಿಗೆ ಬಂದಿತು. ಇದು ಜೆನೆಸಿಸ್‌ನ ಕಾರ್ಟ್ರಿಜ್ (ಗೇಮ್ ತುಂಬಿದ ಪುಟ್ಟ ಡಬ್ಬಿ) ತೂರಿಸುವ ಕಂಡಿಯೊಳಗೆ ಅಣಬೆಯಂತೆ ಮೇಲೆ ಕೂರುತ್ತಿತ್ತು. ಜೆನೆಸಿಸ್‌ಗೂ ಇದಕ್ಕೂ ನಡುವೆ ಒಂದು ಪ್ರತ್ಯೇಕ ಕೇಬಲ್, ಮೂರೂ ಉಪಕರಣಗಳಿಗೆ ಮೂರು ಬೇರೆ ಬೇರೆ ಪವರ್ ಅಡಾಪ್ಟರ್. ಒಂದೇ ಟಿವಿಯ ಹಿಂದೆ ಒಂದೇ ಗೇಮ್ ಆಡುವುದಕ್ಕೆ ಇಷ್ಟೆಲ್ಲ ಪ್ಲಗ್ ಚುಚ್ಚಿಕೊಂಡ ಗ್ರಾಹಕನಿಗಿಂತ ನಿಷ್ಠಾವಂತನನ್ನು ಯಾವ ಕಂಪನಿಯೂ ಬಯಸಲಾರದು. ಅಮೆರಿಕದಲ್ಲಿ 32ಎಕ್ಸ್ ಅಂಗಡಿಗೆ ಬಂದ ಮರುದಿನವೇ ಜಪಾನಿನಲ್ಲಿ ಸೆಗಾದ ಮುಂದಿನ ಪೀಳಿಗೆಯ ಸ್ಯಾಟರ್ನ್ ಬಿಡುಗಡೆಯಾಯಿತು. 32ಎಕ್ಸ್‌ನ ಕಾರ್ಟ್ರಿಜ್‌ಗಳು ಅದರಲ್ಲಿ ಓಡುತ್ತಿರಲಿಲ್ಲ. ಸುಮಾರು 40 ಗೇಮ್‌ಗಳಿಗೆ ಆ ಉಪಕರಣದ ಆಯುಸ್ಸು ಮುಗಿಯಿತು, ಕೊನೆಕೊನೆಗೆ ಅಂಗಡಿಗಳು ಅದನ್ನು 20 ಡಾಲರಿಗೂ ಕಡಿಮೆ ಬೆಲೆಗೆ ಮಾರಿ ಕೈತೊಳೆದುಕೊಂಡವು.

ಇದರ ಬೆನ್ನಿಗೇ ಇನ್ನೂ ದೊಡ್ಡ ಎಡವಟ್ಟು ನಡೆಯಿತು. ಅಮೆರಿಕದಲ್ಲಿ ಸ್ಯಾಟರ್ನ್ 1995ರ ಸೆಪ್ಟೆಂಬರ್ 2ರಂದು ಬರುತ್ತದೆ ಎಂದು ಸೆಗಾ ಹೇಳಿಕೊಂಡು ಬಂದಿತ್ತು. ಆದರೆ ಮೇ 11ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಮೊತ್ತಮೊದಲ ಇ3 ಎಂಬ ವಿಡಿಯೊ ಗೇಮ್ ಉದ್ಯಮದ ಮೇಳದಲ್ಲಿ, ಸೆಗಾ ಆಫ್ ಅಮೆರಿಕದ ಮುಖ್ಯಸ್ಥ ಟಾಮ್ ಕಲಿನ್‌ಸ್ಕಿ ಯಂತ್ರ ಈಗಾಗಲೇ ಅಂಗಡಿಗಳಲ್ಲಿದೆ, ಬೆಲೆ 399 ಡಾಲರ್ ಎಂದು ಘೋಷಿಸಿಬಿಟ್ಟರು. ಸೋನಿಯ ಪ್ಲೇಸ್ಟೇಷನ್‌ಗಿಂತ ಮುಂಚೆ ಬರಬೇಕೆಂಬ ಜಪಾನಿನ ಮುಖ್ಯ ಕಚೇರಿಯ ಒತ್ತಾಯ ಇದರ ಹಿಂದಿತ್ತು. ಅದೇ ದಿನ ಸೋನಿಯ ಅಮೆರಿಕದ ಗೇಮ್ ವಿಭಾಗದ ಮುಖ್ಯಸ್ಥ ಸ್ಟೀವ್ ರೇಸ್ ವೇದಿಕೆಗೆ ಬಂದು ತಮ್ಮ ಯಂತ್ರದ ಬೆಲೆಯನ್ನು ‘299’ ಎಂದಷ್ಟೇ ಹೇಳಿ ಇಳಿದುಹೋದದ್ದನ್ನು ಈಗಲೂ ಎಲ್ಲರೂ ಚಪ್ಪರಿಸಿಕೊಂಡು ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಆ ನೂರು ಡಾಲರಿನ ವ್ಯತ್ಯಾಸಕ್ಕಿಂತ ಹೆಚ್ಚು ಹೊಡೆತ ಕೊಟ್ಟದ್ದು ದಿಢೀರ್ ಬಿಡುಗಡೆಯ ರೀತಿ. ಯಂತ್ರಗಳು ಸಾಕಷ್ಟಿಲ್ಲದ ಕಾರಣ ಕೆಲವೇ ಅಂಗಡಿ ಸರಣಿಗಳಿಗೆ ಸರಕು ಹೋಯಿತು. ಪಟ್ಟಿಯಿಂದ ಹೊರಗುಳಿದ ಕೆಬಿ ಟಾಯ್ಸ್ ಎಂಬ ಆಟಿಕೆ ಅಂಗಡಿ ಸರಣಿ ಸೆಗಾದ ಸಾಮಾನನ್ನೇ ಇಡುವುದಿಲ್ಲವೆಂದು ಮುನಿಸಿಕೊಂಡಿತು. ಸೆಪ್ಟೆಂಬರಿಗೆಂದು ಗೇಮ್ ಸಿದ್ಧಪಡಿಸುತ್ತಿದ್ದ ಹೊರಗಿನ ಡೆವಲಪರ್‌ಗಳ ಬಳಿ ಆ ದಿನ ಮಾರಲು ಏನೂ ಇರಲಿಲ್ಲ. ಬೇಸಿಗೆಯುದ್ದಕ್ಕೂ ಸ್ಯಾಟರ್ನ್ ಕೊಂಡವರು ಆಡಿದ್ದು ಹೆಚ್ಚುಕಡಿಮೆ ಸೆಗಾದ ಸ್ವಂತ ಗೇಮ್‌ಗಳನ್ನೇ. ಹೀಗೆ ಒಂದೇ ತೀರ್ಮಾನದಿಂದ ಅಂಗಡಿಯವರು, ಗೇಮ್ ಮಾಡುವವರು, ಕೊಂಡು ಆಡುವವರು ಮೂವರೂ ದೂರವಾದರು. ಸ್ಯಾಟರ್ನ್ ಜಗತ್ತಿನಾದ್ಯಂತ ಸುಮಾರು 92 ಲಕ್ಷ ಮಾರಾಟವಾಯಿತು, ಮೊದಲ ಪ್ಲೇಸ್ಟೇಷನ್ 10 ಕೋಟಿ ದಾಟಿತು.

1999ರ ಸೆಪ್ಟೆಂಬರ್ 9ರಂದು ಅಮೆರಿಕಕ್ಕೆ ಬಂದ ಡ್ರೀಮ್‌ಕಾಸ್ಟ್‌ನಲ್ಲಿ ಸೆಗಾ ಬಹುತೇಕ ಎಲ್ಲವನ್ನೂ ಸರಿಯಾಗಿಯೇ ಮಾಡಿತ್ತು. ಬೆಲೆ 199 ಡಾಲರ್, ಬಿಡುಗಡೆಯ ದಿನವೇ ಹತ್ತಾರು ಗೇಮ್‌ಗಳು, ಅಂತರ್ಜಾಲಕ್ಕಾಗಿ ಒಳಗೇ ಕೂರಿಸಿದ ಮೋಡೆಮ್. ಆದರೂ ಜನ ಪ್ಲೇಸ್ಟೇಷನ್ 2ಕ್ಕಾಗಿ ಕಾದರು. ಡಿವಿಡಿ ಸಿನಿಮಾ ನೋಡಬಹುದೆಂಬ ಆಕರ್ಷಣೆ ಅದರಲ್ಲಿತ್ತು, ನಿಜ. ಅದರ ಜೊತೆಗೆ ಸೋನಿಯ ಇನ್ನೊಂದು ತೀರ್ಮಾನವನ್ನೂ ನೆನೆಯಬೇಕು: ಹಳೆಯ ಪ್ಲೇಸ್ಟೇಷನ್‌ನ ಡಿಸ್ಕ್‌ಗಳು ಹೊಸ ಯಂತ್ರದಲ್ಲೂ ಓಡುತ್ತಿದ್ದವು, ಹಳೆಯ ಮೆಮೊರಿ ಕಾರ್ಡನ್ನು ಅದೇ ಕಂಡಿಯಲ್ಲಿ ತೂರಿಸಿ ನಿಲ್ಲಿಸಿದ ಕಡೆಯಿಂದಲೇ ಆಟ ಮುಂದುವರಿಸಬಹುದಿತ್ತು. ಐದು ವರ್ಷ ಗೇಮ್ ಕೊಂಡವನ ಕಪಾಟು ದಂಡವಾಗಲಿಲ್ಲ. ಸೆಗಾದಲ್ಲಿ ಹಾಗಿರಲಿಲ್ಲ, ಸ್ಯಾಟರ್ನ್‌ನಲ್ಲಿ ಕಾರ್ಟ್ರಿಜ್ ಕಂಡಿಯೊಂದು ಇದ್ದರೂ ಜೆನೆಸಿಸ್‌ನ ಕಾರ್ಟ್ರಿಜ್ ಅದರಲ್ಲಿ ಕೆಲಸ ಮಾಡುತ್ತಿರಲಿಲ್ಲ, ಡ್ರೀಮ್‌ಕಾಸ್ಟ್‌ನಲ್ಲಿ ಸ್ಯಾಟರ್ನ್ ಡಿಸ್ಕ್ ಓಡುತ್ತಿರಲಿಲ್ಲ. ಸೆಗಾ ಸಿಡಿ, 32ಎಕ್ಸ್, ಸ್ಯಾಟರ್ನ್ ಎಂದು ಮೂರು ಸಲ ಕೈಸುಟ್ಟುಕೊಂಡವರು ನಾಲ್ಕನೆಯ ಸಲ ಜೇಬಿಗೆ ಕೈಹಾಕದಿದ್ದರೆ ಅದನ್ನು ನಿಷ್ಠೆಯ ಕೊರತೆ ಎನ್ನಲಾಗದು. 2001ರ ಜನವರಿ 31ರಂದು ಸೆಗಾ ಕನ್ಸೋಲ್ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಘೋಷಿಸಿತು.

ಇದಕ್ಕೆ ಎದುರಾಗಿ ನಾನು ಇಡುವುದು ನಿಂಟೆಂಡೊದ 3ಡಿಎಸ್ ಅನ್ನು. ಕೈಯಲ್ಲಿ ಹಿಡಿದು ಆಡುವ ಆ ಯಂತ್ರ 2011ರ ಮಾರ್ಚಿನಲ್ಲಿ ಅಮೆರಿಕಕ್ಕೆ 249.99 ಡಾಲರಿಗೆ ಬಂದಾಗ ಜನ ಮೂಗು ಮುರಿದರು. ಏಪ್ರಿಲ್‌ನಿಂದ ಜೂನ್‌ವರೆಗಿನ ತ್ರೈಮಾಸಿಕದಲ್ಲಿ ಜಗತ್ತಿನಾದ್ಯಂತ ಮಾರಾಟವಾದದ್ದು ಕೇವಲ 7.1 ಲಕ್ಷ. ಆಗಸ್ಟ್ 12ರಂದು ಬೆಲೆಯನ್ನು ಒಮ್ಮೆಲೇ 169.99 ಡಾಲರಿಗೆ ಇಳಿಸಲಾಯಿತು. ಬಿಡುಗಡೆಯಾಗಿ ಆರು ತಿಂಗಳೂ ತುಂಬದ ಯಂತ್ರದ ಬೆಲೆ ಹೀಗೆ ಬಿದ್ದರೆ ಮೊದಲು ಕೊಂಡವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ನಿಂಟೆಂಡೊ ಅವರನ್ನು ‘ರಾಯಭಾರಿಗಳು’ ಎಂದು ಕರೆದು, ಹಳೆಯ 20 ಗೇಮ್‌ಗಳನ್ನು ಉಚಿತವಾಗಿ ಕೊಟ್ಟಿತು. ಅವುಗಳಲ್ಲಿ ಹತ್ತು, ನಿಂಟೆಂಡೊದ ಹಳೆಯ ಕೈಯಂತ್ರ ಗೇಮ್ ಬಾಯ್ ಅಡ್ವಾನ್ಸ್‌ನವು, ಅವನ್ನು 3ಡಿಎಸ್‌ಗಾಗಿ ಬೇರೆ ಯಾರಿಗೂ ಮುಂದೆಂದೂ ಮಾರಲಿಲ್ಲ. ಅಧ್ಯಕ್ಷ ಸತೋರು ಇವಾಟ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು, ಉಳಿದ ನಿರ್ದೇಶಕರ ಸಂಬಳವೂ ಕಡಿತವಾಯಿತು. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ದೊಡ್ಡಪ್ಪನ ಮಗ ಮೊದಲ ತಿಂಗಳೇ ಅದನ್ನು ಕೊಂಡವನು. ಊರಿಗೆ ಬಂದಾಗ ಪರದೆಯ ಮೇಲಿದ್ದ ರಾಯಭಾರಿ ಪ್ರಮಾಣಪತ್ರದ ಚಿತ್ರವನ್ನು ಒತ್ತಿ ತೋರಿಸಿ, “ಎಂಬತ್ತು ಡಾಲರ್ ಹೋಯ್ತು, ಇಪ್ಪತ್ತು ಗೇಮ್ ಬಂತು, ಸರಿಹೋಯ್ತು ಬಿಡೋ” ಎಂದಿದ್ದ. ಅವನು ಆಮೇಲೆ ಬಂದ ನಿಂಟೆಂಡೊದ ಸ್ವಿಚ್ ಕನ್ಸೋಲನ್ನೂ ಕೊಂಡ. 3ಡಿಎಸ್ ಒಟ್ಟು 7.5 ಕೋಟಿಗೂ ಹೆಚ್ಚು ಮಾರಾಟವಾಯಿತು. ಬೆಲೆ ಇಳಿದದ್ದು, ವರ್ಷಾಂತ್ಯಕ್ಕೆ ಮಾರಿಯೋ ಗೇಮ್‌ಗಳು ಬಂದದ್ದು ಇದಕ್ಕೆ ಮುಖ್ಯ ಕಾರಣಗಳೆಂಬುದನ್ನು ಒಪ್ಪುತ್ತೇನೆ. ಆದರೆ ಹೊಟ್ಟೆ ಉರಿದುಕೊಂಡ ಮೊದಲ ಗ್ರಾಹಕರು ಊರೆಲ್ಲ ಬೈಯುತ್ತಾ ತಿರುಗಿದ್ದರೆ ಆ ಚೇತರಿಕೆ ಅಷ್ಟು ಸುಲಭವಾಗುತ್ತಿರಲಿಲ್ಲ.

ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಒನ್ ಇವೆರಡರ ನಡುವಿನದು. 2013ರಲ್ಲಿ ಯಂತ್ರವು 24 ಗಂಟೆಗೊಮ್ಮೆ ಅಂತರ್ಜಾಲಕ್ಕೆ ಹಾಜರಿ ಹಾಕಬೇಕು, ಡಿಸ್ಕ್‌ಗಳನ್ನು ಗೆಳೆಯರಿಗೆ ಕೊಡುವುದಕ್ಕೂ ಮರುಮಾರಾಟಕ್ಕೂ ಕಟ್ಟುಪಾಡು ಎಂದು ಪ್ರಕಟಿಸಿ, ಕೂಗಾಟವಾದ ಮೇಲೆ ಜೂನ್ 19ರಂದು ಎಲ್ಲವನ್ನೂ ಹಿಂತೆಗೆದುಕೊಂಡರು. ನಿಯಮ ಹೋಯಿತು, ಅನುಮಾನ ಉಳಿಯಿತು. ವರ್ಷಗಳ ನಂತರ, ಆಗ ಎಕ್ಸ್‌ಬಾಕ್ಸ್ ವಿಭಾಗದ ಮುಖ್ಯಸ್ಥರಾಗಿದ್ದ ಫಿಲ್ ಸ್ಪೆನ್ಸರ್, ಜನ ತಮ್ಮ ಡಿಜಿಟಲ್ ಗೇಮ್ ಸಂಗ್ರಹವನ್ನು ಕಟ್ಟಿಕೊಂಡ ಪೀಳಿಗೆಯಲ್ಲೇ ತಾವು ಸೋತೆವು, ಸೋಲಲು ಅದಕ್ಕಿಂತ ಕೆಟ್ಟ ಪೀಳಿಗೆ ಇನ್ನೊಂದಿರಲಿಲ್ಲ ಎಂಬರ್ಥದ ಮಾತಾಡಿದರು. ಮುಚ್ಚುಮರೆಯಿಲ್ಲದ ಮಾತದು. ನೂರಾರು ಗೇಮ್‌ಗಳು ಒಂದೇ ಖಾತೆಯಲ್ಲಿ ಸಿಕ್ಕಿಕೊಂಡವನು ಅದೇ ಕಂಪನಿಯ ಮುಂದಿನ ಯಂತ್ರ ಕೊಂಡರೆ, ಅದು ಪ್ರೀತಿಯೋ ಬೇರೆ ದಾರಿಯಿಲ್ಲದ ಪಾಡೋ ಎಂಬುದನ್ನು ಮಾರಾಟದ ಪಟ್ಟಿ ಹೇಳುವುದಿಲ್ಲ.

ಈಗ ಬೆಲೆಯ ಗತಿಯೂ ತಿರುಗಿಬಿದ್ದಿದೆ. 2021ರ ಫೆಬ್ರುವರಿಯಲ್ಲಿ ಭಾರತಕ್ಕೆ 49,990 ರೂಪಾಯಿಗೆ ಬಂದ ಪ್ಲೇಸ್ಟೇಷನ್ 5, 2022ರ ನವೆಂಬರಿನಲ್ಲಿ 54,990 ರೂಪಾಯಿ ಆಯಿತು. ಅಮೆರಿಕದಲ್ಲೂ 2025ರ ಆಗಸ್ಟಿನಲ್ಲಿ 50 ಡಾಲರ್ ಏರಿತು. ಬೆಲೆ ಇಳಿಯಲಿ ಎಂದು ತಾಳ್ಮೆಯಿಂದ ಕಾದವನೇ ಹೆಚ್ಚು ತೆರುವ ಈ ಸ್ಥಿತಿಯನ್ನು ಹಿಂದಿನ ಪೀಳಿಗೆಗಳು ಕಂಡದ್ದು ಅಪರೂಪ. ಸ್ವಿಚ್ ಅಂತೂ ನಮ್ಮಲ್ಲಿ ಅಧಿಕೃತವಾಗಿ ಮಾರಾಟವೇ ಆಗದೆ, ಬೆಂಗಳೂರಿನವರೂ ಹೊರಗಿನಿಂದ ತರಿಸಿಕೊಂಡು ವಾರಂಟಿಯ ಆಸೆ ಬಿಟ್ಟು ಆಡುತ್ತಾರೆ.

2025ರ ಜೂನ್ 5ರಂದು ಬಂದ ಸ್ವಿಚ್ 2 ನಾಲ್ಕೇ ದಿನಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಹಳೆಯ ಸ್ವಿಚ್ ಗೇಮ್‌ಗಳಲ್ಲಿ ಬಹುಪಾಲು ಅದರಲ್ಲಿ ಓಡುತ್ತವೆ ಎಂಬುದಕ್ಕೆ ಈ ಯಶಸ್ಸಿನಲ್ಲಿ ದೊಡ್ಡ ಪಾಲಿದೆ ಎಂದೇ ನನ್ನ ಎಣಿಕೆ. ಆದರೆ ಅದೇ ಯಂತ್ರಕ್ಕೆ ಹೊರಗಿನ ಕಂಪನಿಗಳು ಮಾರುತ್ತಿರುವ ಹಲವು ‘ಗೇಮ್-ಕೀ ಕಾರ್ಡ್’ಗಳ ಒಳಗೆ ಗೇಮ್ ಇಲ್ಲ, ಇರುವುದು ಸರ್ವರ್‌ನಿಂದ ಅದನ್ನು ಇಳಿಸಿಕೊಳ್ಳುವ ಅನುಮತಿ ಮಾತ್ರ. 3ಡಿಎಸ್‌ನ ಆನ್‌ಲೈನ್ ಅಂಗಡಿಯಲ್ಲಿ ಹೊಸ ಖರೀದಿಯನ್ನು ನಿಂಟೆಂಡೊ 2023ರ ಮಾರ್ಚಿನಲ್ಲೇ ನಿಲ್ಲಿಸಿದೆ. ಅದನ್ನು ಕಂಡಿರುವ ನಾನು ಪೂರ್ತಿ ಬೆಲೆ ಕೊಟ್ಟು ಅಂಥ ಕಾರ್ಡನ್ನು ಕೊಳ್ಳಲಾರೆ.