ಹಳೇ ಬೆಂಚು ಆರಿಸೋದು ಹೇಗೆ? ಮೊದಲು ಮಗುಚಿ ನೋಡಿ

"ಪಡಸಾಲೆಗೊಂದು, ಕೈತೋಟಕ್ಕೊಂದು ಹಳೇ ಕಾಲದ ಬೆಂಚು ಬೇಕಿತ್ತು, ಒಳ್ಳೇದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ದಾವಣಗೆರೆಯಲ್ಲಿ ಹೊಸ ಮನೆ ಕಟ್ಟಿಸಿದವರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಇದು. ಅಂಗಡಿಯವರು ಹೇಳುವ ವಯಸ್ಸನ್ನು ಮೊದಲು ಪಕ್ಕಕ್ಕಿಡಿ. ಮರ ನೋಡಿ, ಜೋಡಿಸಿದ ಕೆಲಸ ನೋಡಿ. ದುಡ್ಡು ಕೊಡಬೇಕಾದದ್ದು ಅದಕ್ಕೆ.

ಇಬ್ಬರು ಹಿಡಿದು ಬೆಂಚನ್ನು ಮಗುಚಿ. ಮೇಲೆ ಪಾಲಿಶ್ ಹೊಡೆದು ಏನು ಬೇಕಾದರೂ ಮುಚ್ಚಬಹುದು, ಅಡಿಭಾಗಕ್ಕೆ ಅಷ್ಟು ಮುತುವರ್ಜಿ ಯಾರೂ ವಹಿಸುವುದಿಲ್ಲ. ಹಿಂದಿನ ಬಡಗಿಗಳು ಕಾಲಿಗೆ ತೂತು ಕೊರೆದು, ಅಡ್ಡಪಟ್ಟಿಯ ತುದಿಯನ್ನು ಅದರೊಳಗೆ ಬಿಗಿಯಾಗಿ ಕೂರಿಸಿ, ಪಕ್ಕದಿಂದ ಒಂದು ಮರದ ಗೂಟ ಬಡಿಯುತ್ತಿದ್ದರು. ಬೆರಳಾಡಿಸಿದರೆ ಆ ಗೂಟದ ತಲೆ ಸ್ವಲ್ಪ ಉಬ್ಬಿದಂತೆ ಸಿಗುತ್ತದೆ, ಯಾಕಂದ್ರೆ ಸುತ್ತಲಿನ ಮರ ಒಣಗಿ ಕುಗ್ಗಿರುತ್ತದೆ. ಅಲ್ಲಿ ಪ್ಲಸ್ ಗುರುತಿನ ಸ್ಕ್ರೂ ಕಂಡರೆ ಹುಷಾರು. ಆ ಸ್ಕ್ರೂ ಬಳಕೆಗೆ ಬಂದದ್ದೇ 1930ರ ದಶಕದಲ್ಲಿ, ಅದೂ ಅಮೆರಿಕದಲ್ಲಿ. ನೂರು ವರ್ಷದ ಬೆಂಚಿನಲ್ಲಿ ಅದು ಇದೆ ಅಂದ್ರೆ ಒಂದೋ ರಿಪೇರಿ ಆಗಿದೆ, ಇಲ್ಲ ಬೆಂಚೇ ಹೊಸದು. ರಿಪೇರಿ ಆಗಿದ್ದರೆ ತಪ್ಪಿಲ್ಲ, ರೇಟು ಇಳಿಸಿ ಕೇಳಿ. ಯಾವ ಕೆಲಸಕ್ಕೂ ಬಾರದ ಜಾಗದಲ್ಲಿ ಖಾಲಿ ತೂತುಗಳಿದ್ದರೆ, ಅದು ಕೆಡವಿದ ಮನೆಯ ತೊಲೆಯನ್ನು ಕೊಯ್ದು ಮಾಡಿದ್ದು. ಹಾಗಂತ ಹೇಳಿ ಮಾರಿದರೆ ಧಾರಾಳವಾಗಿ ತಗೊಳ್ಳಿ, ಮರ ಒಳ್ಳೇದೇ ಇರುತ್ತದೆ.

ಸವೆತವನ್ನೂ ನೋಡಿ. ಕೈ ಇಡುವ ತುದಿ, ಕುಳಿತುಕೊಳ್ಳುವ ಮುಂದಿನ ಅಂಚು, ಕಾಲಿಡುವ ಪಟ್ಟಿಯ ನಡುಭಾಗ, ಇಷ್ಟು ಕಡೆ ಜಾಸ್ತಿ ಸವೆದಿರಬೇಕು ಅಲ್ವಾ? ಎಲ್ಲಾ ಕಡೆ ಒಂದೇ ಸಮ ಸವೆದಿದ್ದರೆ ಅದು ಉಪ್ಪುಕಾಗದದ ಕೆಲಸ. ಸಣ್ಣ ತೂತುಗಳಿದ್ದರೆ ಬೆಂಚನ್ನು ತಟ್ಟಿ. ಬೆಳ್ಳನೆ ಹಿಟ್ಟು ಉದುರಿದರೆ ಹುಳ ಇನ್ನೂ ಒಳಗಿದೆ, ಬಿಟ್ಟು ಬನ್ನಿ. ತೇಗದ ಚೇಗಿಗೆ, ಅಂದ್ರೆ ನಡುವಿನ ಗಟ್ಟಿ ಮರಕ್ಕೆ, ಹುಳ ಸುಲಭವಾಗಿ ಬೀಳುವುದಿಲ್ಲ, ಮೊದಲು ತಿನ್ನುವುದು ಅಂಚಿನ ಬೆಳ್ಳನೆ ಮರವನ್ನು.

ಹಳೇ ಬಣ್ಣವನ್ನು ಸುಮ್ನೆ ಉಜ್ಜಲು ಕೂರಬೇಡಿ. ಮನೆ ಬಣ್ಣದಲ್ಲಿ ಸೀಸಕ್ಕೆ ನಮ್ಮಲ್ಲಿ ಕಟ್ಟುನಿಟ್ಟಿನ ಮಿತಿ ಜಾರಿಯಾದದ್ದು 2017ರಲ್ಲಿ. ಅದಕ್ಕೂ ಹಿಂದಿನ ಬಣ್ಣದ ಪುಡಿ ಮಕ್ಕಳಿರುವ ಮನೆಯಲ್ಲಿ ಹಾರಾಡಬಾರದು.

ಮನೆಯೊಳಗಿನ ಬೆಂಚಿಗೆ ಎತ್ತರ ಮುಖ್ಯ. ಅಜ್ಜ ಅಜ್ಜಿ ಇದ್ದರೆ 18 ಇಂಚು, ಜೊತೆಗೆ ಕೈ ಆನಿಸಲು ಜಾಗ. ಬಾಗಿಲ ಅಗಲ, ತಿರುವು ಎರಡನ್ನೂ ಅಳೆದುಕೊಂಡೇ ಹೋಗಿ.

ಕೈತೋಟಕ್ಕಾದರೆ ನಮ್ಮ ಬಿಸಿಲನ್ನೂ ಗೆದ್ದಲನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ತೇಗ ಇರಲಿ, ಕಾಲುಗಳ ಕೆಳಗೆ ಕಲ್ಲಿಡಿ, ಮಣ್ಣಿಗೆ ತಾಗಿಸಬೇಡಿ. ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗುವುದು ಸಹಜ, ನನಗಂತೂ ಆ ಬಣ್ಣವೇ ಇಷ್ಟ. ಎರಕದ ಕಬ್ಬಿಣದ ಕಾಲಿದ್ದರೆ ಆಯಸ್ಕಾಂತ ಹಿಡಿದು ನೋಡಿ, ಅಂಟದಿದ್ದರೆ ಅಲ್ಯೂಮಿನಿಯಂ. ತುಕ್ಕಿಗೆ ಹೆದರಬೇಡಿ, ಬಿರುಕಿಗೆ ಹೆದರಿ. ಎರಕಕ್ಕೆ ವೆಲ್ಡಿಂಗ್ ಸುಲಭವಾಗಿ ಹಿಡಿಯುವುದಿಲ್ಲ.

ಚಿತ್ರದುರ್ಗದ ಕಡೆಯವರು ಕಲ್ಲಿನ ಬೆಂಚು ಕೇಳುತ್ತಾರೆ. ಸಾದಾ ಚಪ್ಪಡಿ ಹಾಕಿಸಿ, ಚೆನ್ನಾಗಿರುತ್ತದೆ. ಆದರೆ ಕೆತ್ತನೆ ಇರುವ ಹಳೇ ಕಲ್ಲು ಯಾರಾದರೂ ತಂದು ಕೊಡುತ್ತೇನೆ ಅಂದರೆ ಖಂಡಿತ ಬೇಡ. ಕಟ್ಟಡದಿಂದ ಕಿತ್ತ ನೂರು ವರ್ಷಕ್ಕೂ ಹಳೆಯ ವಸ್ತುವಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ, ಅದನ್ನು ಬೇಕಾದವರೆಲ್ಲ ಮಾರುವಂತಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಕಲ್ಲು ಯಾವುದೋ ಊರಿನ ಗುಡಿಯದ್ದಿರಬಹುದು.

ಮನೆಗೆ ತಂದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಬಣ್ಣವಿಲ್ಲದ ಮರಕ್ಕೆ ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಬಹುದು. ಹೊರಗೆ ಹರಡಿ ಪೂರ್ತಿ ಒಣಗಲು ಬಿಡಿ.